ಸ್ಕೂಟರ್ ಸ್ಟಾರ್ಟ್ ಆಗ್ತದೆ ಅಂತ ಹೇಳು

ಕುಂಬ್ರದಿಂದ ಹೊರಟದ್ದು

ಐರ್ಲೆಂಡಿಗೆ ಹೋಗುತ್ತೇನೆ ಎಂದಾಗ ಸುಳ್ಯದ ನನ್ನ ಟೈಲರ್ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಜನ, "ಅದು ಇಂಗ್ಲೆಂಡೇ ಅಲ್ವಾ?" ಎಂದರು. ಉಳಿದವರು, "ನನ್ನ ಬ್ಲೌಸ್ ಕೊಟ್ಟೇ ಹೋಗುದಲ್ವಾ ಮಾರಾಯ್ತಿ?" ಎಂದರು. ಬ್ಲೌಸುಗಳನ್ನೆಲ್ಲ ಹೊಲಿದು ಕೊಟ್ಟೇ ಹೋದೆ. ಅದು ಇಂಗ್ಲೆಂಡಲ್ಲ ಎನ್ನುವುದನ್ನು ಮಾತ್ರ ಅಲ್ಲಿಗೇ ಹೋಗಿ, ಒಬ್ಬರ ಅಡುಗೆಮನೆಯಲ್ಲಿ ಕೂತು, ಸರೀ ಹೇಳಿಸಿಕೊಂಡು ಕಲಿತೆ.

ನಾನು ವಸಂತಿ. ಹುಟ್ಟಿದ್ದು ಕುಂಬ್ರದಲ್ಲಿ, ಮದುವೆಯಾಗಿ ಹೋದದ್ದು ಅಜ್ಜಾವರಕ್ಕೆ. ಅಲ್ಲಿಯವರೆಗೆ ನಾನು ಮಾಡಿದ ದೊಡ್ಡ ಪ್ರಯಾಣ ಎಂದರೆ ತಿರುಪತಿ. ವಿಮಾನವನ್ನು ಮಂಗಳೂರಿನ ಬಜಪೆಯಲ್ಲಿ ಬೇಲಿಯ ಹೊರಗೆ ನಿಂತು ನೋಡಿದ್ದೆ, ಅಷ್ಟೆ. ನನ್ನ ತಂಗಿ ಶಶಿ ಐದು ವರ್ಷದಿಂದ ಐರ್ಲೆಂಡಿನಲ್ಲಿ ನರ್ಸು. ಅವಳೇ ಟಿಕೆಟ್ ಕಳಿಸಿ, "ಅಕ್ಕಾ, ನೀನಾದ್ರೂ ಬಾ" ಎಂದಳು.

ಆ "ನೀನಾದ್ರೂ" ಎನ್ನುವುದಕ್ಕೆ ಒಂದು ಕಥೆ ಇದೆ. ಕುಂಬ್ರದಲ್ಲಿ ಅಪ್ಪನದ್ದು ಪಂಪು ರಿಪೇರಿ ಅಂಗಡಿ, ಹಿಂದೆಯೇ ಮನೆ. ಶಶಿಗೆ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಕಾಯಂ ಆಗಿತ್ತು. ದಿನಾ ಕೆಂಪು ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಅಪ್ಪ ಅದನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ ಕಾಲದಲ್ಲೇ ಅವಳು ಆ ಕೆಲಸ ಬಿಟ್ಟು ಐರ್ಲೆಂಡಿಗೆ ಹೊರಟಳು. ಅಂಗಳದಲ್ಲಿ ಅಪ್ಪ, "ಹೋಗುದಾದ್ರೆ ಹೋಗು. ಬಾ ಅಂತ ನಾನು ಕರೆಯುದಿಲ್ಲ" ಎಂದರು. ಇವಳು ಸೂಟ್‌ಕೇಸು ಎತ್ತಿಕೊಂಡು, "ಕರೆಯದೆ ನಾನು ಬರುದೂ ಇಲ್ಲ" ಎಂದಳು. ನೂಲಿನಂತೆ ಸೀರೆ, ತಂದೆಯಂತೆ ಮಗಳು! ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಐದು ವರ್ಷವಾದರೂ ಅವರು ಕರೆಯಲಿಲ್ಲ, ಇವಳು ಬರಲಿಲ್ಲ.

ಹಾಗೆಂದು ಫೋನು ತಪ್ಪಿದ್ದಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ಏಳುವ ಹೊತ್ತಿಗೆ ಶಶಿಯ ಫೋನು ಬರುತ್ತದೆ. ಅಪ್ಪನ ಕೈಗೆ ಸಿಕ್ಕಿದರೆ, "ಇಗೊ, ಅಮ್ಮನಿಗೆ ಕೊಡ್ತೇನೆ" ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ನನಗೂ ಅಷ್ಟೇ ಸಿಗುವುದು, ತಂಗಿಗೆ ವಿಶೇಷ ಅನ್ಯಾಯವೇನೂ ಇಲ್ಲ. ಆಮೇಲೆ ಅಮ್ಮನ ಹಿಂದೆ ನಿಂತುಕೊಂಡು, "ಪಂಜದ ಅತ್ತೆಗೆ ಹುಷಾರಿಲ್ಲ ಅಂತ ಹೇಳು", "ಊಟ ಆಯ್ತಾ ಕೇಳು" ಎಂದು ಹೇಳಿಕೊಡುತ್ತಾರೆ. ಕೊನೆಗೆ, ತಪ್ಪದೆ ಪ್ರತಿ ವಾರ, "ಸ್ಕೂಟರ್ ಸ್ಟಾರ್ಟ್ ಆಗ್ತದೆ ಅಂತ ಹೇಳು" ಎನ್ನುತ್ತಾರೆ.

ಈ ಒಂದು ಮಾತು ಕೇಳಿದರೆ ಶಶಿಗೆ ಮೈಯೆಲ್ಲ ಉರಿ. "ಅಂಗಡಿಯಲ್ಲಿ ಜಾಗಕ್ಕೆ ತೊಂದರೆ, ಮಾರಿಬಿಡು ಅಂತ ನೇರ ಹೇಳ್ಲಿಕ್ಕೆ ಎಂತ ದಾಡಿ ಅಪ್ಪನಿಗೆ?" ಎಂದು ಆಮೇಲೆ ನನಗೆ ಫೋನು ಮಾಡಿ ಬೈಯುತ್ತಾಳೆ. ನಿಜ ಹೇಳುತ್ತೇನೆ, ನನಗೂ ಹಾಗೇ ಅನಿಸಿತ್ತು. ಪಂಪುಗಳ ನಡುವೆ ಹಳೇ ಬೆಡ್‌ಶೀಟ್ ಹೊದ್ದು ನಿಂತ ಆ ಸ್ಕೂಟರು ಅಪ್ಪನ ಕಾಲಿಗೆ ಅಡ್ಡ ಸಿಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ನಾನು ಹೊರಡುವ ದಿನ ಅಮ್ಮ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿ ಎಲ್ಲ ತುಂಬಿಸಿ, ನನ್ನ ಕೈ ಹಿಡಿದುಕೊಂಡು, "ಎಂತಾದ್ರೂ ಹೇಳಿ ಒಮ್ಮೆ ಕರ್ಕೊಂಡು ಬಾ ಮಗಾ. ಫೋನಿನಲ್ಲಿ ನೋಡಿ ಸಾಕಾಯ್ತು, ನನಗೆ ಅವಳನ್ನು ಮುಟ್ಟಿ ನೋಡ್ಬೇಕು" ಎಂದಳು. ಅಪ್ಪ ನನ್ನ ಸೂಟ್‌ಕೇಸಿನ ಚಕ್ರಕ್ಕೆ ಗ್ರೀಸ್ ಹಚ್ಚುತ್ತಿದ್ದರು. ಎದ್ದು ಕೈ ಒರಸಿಕೊಂಡು, "ಅವಳಿಗೆ ಹೇಳು, ಸ್ಕೂಟರ್ ಸ್ಟಾರ್ಟ್ ಆಗ್ತದೆ ಅಂತ" ಎಂದರು.

"ಬೇರೆ ಎಂತಾದ್ರೂ ಹೇಳ್ಲಿಕ್ಕುಂಟಾ ಅಪ್ಪಾ?"

"ಬೇರೆ ಎಂತ?" ಎಂದು ಅಂಗಡಿಯೊಳಗೆ ಹೋದರು.

ಡಬ್ಲಿನ್ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ನಾನು ಬರೆಯುವುದಿಲ್ಲ. ಕಿಟಕಿ ಸಿಗಲಿಲ್ಲ, ಅಷ್ಟೇ ದುಃಖ. ಡಬ್ಲಿನ್ನಿನಲ್ಲಿ ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಸೂಟ್‌ಕೇಸು ತೆರೆಯಲು ಹೇಳಿ, ಪುನರ್ಪುಳಿಯ ಪ್ಯಾಕೆಟ್ಟು ಎತ್ತಿ ಹಿಡಿದು, "ಇದು ಏನು?" ಎಂದ. ಕಪ್ಪಗೆ ಮುರುಟಿದ ಸಿಪ್ಪೆ. ನನ್ನ ಇಂಗ್ಲಿಷು ಬ್ಲೌಸಿನ ಅಳತೆ ಹೇಳಲು ಸಾಕಾಗುತ್ತದೆ, ಪುನರ್ಪುಳಿಗೆ ಎಲ್ಲಿ ಸಾಕು? ಹಣ್ಣು ಎಂದೆ. ಅವನು ಮೂಸಿದ. ಜ್ಯೂಸ್ ಎಂದೆ. ಇನ್ನೊಮ್ಮೆ ಮೂಸಿದ. ನನಗೆ ಸಿಟ್ಟು ಬಂದು ಒಂದು ಸಿಪ್ಪೆಯನ್ನು ಬಾಯಿಗೆ ಹಾಕಿ ಚೀಪಿ ತೋರಿಸಿದೆ. ಹುಳಿಗೆ ನನ್ನ ಒಂದು ಕಣ್ಣು ತಾನಾಗಿ ಮುಚ್ಚಿತು. ನಾನು ಕಣ್ಣು ಹೊಡೆದೆ ಎಂದುಕೊಂಡನೋ ಏನೋ, ಕಿವಿಯೆಲ್ಲ ಕೆಂಪು ಮಾಡಿಕೊಂಡು "ಹೋಗಿ, ಹೋಗಿ" ಎಂದುಬಿಟ್ಟ!

ಹೊರಗೆ ಶಶಿ ನಿಂತಿದ್ದಳು. ಐದು ವರ್ಷ! ಫೋನಿನಲ್ಲಿ ಕಾಣದ ನಾಲ್ಕು ನರೆಗೂದಲು ಕಿವಿಯ ಹತ್ತಿರ ಇತ್ತು. ಇಬ್ಬರೂ ಅಪ್ಪಿಕೊಂಡು, ನಮ್ಮ ತುಳುವಿನಲ್ಲಿ ಒಬ್ಬರಿಗೊಬ್ಬರು ಕೇಳದ ಹಾಗೆ ಒಟ್ಟಿಗೇ ಮಾತಾಡಿದೆವು. ಹತ್ತು ನಿಮಿಷ ಬಿಟ್ಟು ಅವಳು ಕೇಳಿದ ಮೊದಲ ಪ್ರಶ್ನೆ, "ಅಪ್ಪ ಎಂತ ಹೇಳಿದ್ರು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಸ್ಕೂಟರ್ ಸ್ಟಾರ್ಟ್ ಆಗ್ತದಂತೆ" ಎಂದೆ. ಅವಳು ಮುಖ ಆಚೆ ತಿರುಗಿಸಿ ಸೂಟ್‌ಕೇಸು ಎಳೆದುಕೊಂಡು ಬಸ್ಸಿನ ಕಡೆಗೆ ನಡೆದಳು. ಗ್ರೀಸ್ ಹಚ್ಚಿದ ಚಕ್ರ ಸದ್ದೇ ಇಲ್ಲದೆ ಉರುಳುತ್ತಿತ್ತು.

ಹಳ್ಳಿಯ ಮೊದಲ ದಿನಗಳು

ಶಶಿ ಇರುವುದು ದೇಶದ ಪಶ್ಚಿಮದ ಒಂದು ಹಳ್ಳಿಯಲ್ಲಿ. ಹೆಸರು ಹೇಳುವುದಿಲ್ಲ. ಮುಂದೆ ಬರೆಯುವುದನ್ನೆಲ್ಲ ಓದಿದರೆ ಅಲ್ಲಿಯವರಿಗೆ ನಾಚಿಕೆಯಾದೀತು. ಪ್ಯಾಟ್ ಮತ್ತು ನೋರೀನ್ ಎಂಬ ಎಪ್ಪತ್ತು ದಾಟಿದ ದಂಪತಿಯ ಅಂಗಳದ ಮೂಲೆಯಲ್ಲಿರುವ ಸಣ್ಣ ಮನೆಯಲ್ಲಿ ಅವಳು ಬಾಡಿಗೆಗಿದ್ದಾಳೆ. ಅವರಿಗೆ ಒಂದಿಪ್ಪತ್ತು ದನ, ಕಲ್ಲಿನ ಗೋಡೆ ಕಟ್ಟಿದ ಹಸಿರು ಹೊಲಗಳು, ಮತ್ತು ನನ್ನನ್ನು ಕಂಡರೆ ಮಾತ್ರ ಬಾಲ ಅಲ್ಲಾಡಿಸದ ಒಂದು ನಾಯಿ.

ಎರಡು ದಿನ ನಾನು ತಣ್ಣೀರಿನಲ್ಲಿ ಮಿಂದೆ. ಹಲ್ಲು ಕಟಕಟ! ಬಚ್ಚಲಿನ ಮಾಡಿನಿಂದ ಒಂದು ದಾರ ಇಳಿಬಿಟ್ಟಿತ್ತು. ಎಳೆದರೆ ಎಂತಾದರೂ ತಲೆಗೆ ಬಿದ್ದೀತು ಎಂದು ಮುಟ್ಟಲಿಲ್ಲ. ಮೂರನೇ ದಿನ ಶಶಿ, "ಅಕ್ಕಾ, ಆ ದಾರ ಎಳೆದ್ರೆ ಬಿಸಿನೀರು" ಎಂದಳು. ಇದನ್ನು ಮೊದಲ ದಿನವೇ ಹೇಳಬಾರದಿತ್ತೇ, ಪುಣ್ಯಾತಿಗಿತ್ತಿ!

ಅಲ್ಲಿಯ ಮಳೆಯನ್ನು ನಾನು ಮಳೆ ಎಂದು ಒಪ್ಪುವುದಿಲ್ಲ. ಆಷಾಢದಲ್ಲಿ ನಮ್ಮಲ್ಲಿ ಸುರಿಯುವುದನ್ನು ಕಂಡವರು ಅದನ್ನು ಇಬ್ಬನಿ ಎಂದಾರು. ಆದರೆ ಅದು ಬಂದಾಗ, ಬರದಿದ್ದಾಗ, ಬರುವ ಲಕ್ಷಣ ಕಂಡಾಗ, ಪ್ರತಿ ಸಲ ಎದುರು ಸಿಕ್ಕಿದವರೆಲ್ಲ ಅದರ ಬಗ್ಗೆ ಮಾತಾಡಬೇಕು. ದಾರಿಯಲ್ಲಿ ಕಾರು ಓಡಿಸುವವರು ಗುರುತಿಲ್ಲದ ನನಗೂ ಸ್ಟೇರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ನಾನು ಪ್ರತಿಯೊಬ್ಬರಿಗೂ ಎರಡು ಕೈ ಜೋಡಿಸಿದೆ. ಮೂರು ದಿನದಲ್ಲಿ ಇಡೀ ಊರಿಗೆ ನನ್ನ ಪರಿಚಯವಾಯಿತು.

ಎಲ್ಲಕ್ಕಿಂತ ಖುಷಿಯಾದದ್ದು ಚಹಾದ ವಿಷಯ. ಹೊರದೇಶದಲ್ಲಿ ಒಂದೇ ಸಲ ಕೇಳುತ್ತಾರೆ, ಬೇಡ ಎಂದರೆ ಮುಗಿಯಿತು ಎಂದು ನನಗೆ ಊರಿನಲ್ಲಿ ಹೆದರಿಸಿದ್ದರು. ಹಾಗಾಗಿ ನೋರೀನ್ "ಚಹಾ?" ಎಂದ ಕೂಡಲೇ "ಬೇಕು!" ಎಂದು ಕೂಗಿದೆ. ಅವರು ಬೆಚ್ಚಿಬಿದ್ದರು. ಅಲ್ಲಿಯೂ ಮೊದಲು ಬೇಡ ಎನ್ನಬೇಕಂತೆ, ಅವರು ಒತ್ತಾಯ ಮಾಡಬೇಕಂತೆ, ಎರಡನೇ ಸಲವೂ ಬೇಡವೇ, ಮೂರನೇ ಸಲ "ಹಾಗಾದ್ರೆ ಅರ್ಧ ಕಪ್" ಎನ್ನಬೇಕಂತೆ. ಅಯ್ಯೋ ದೇವರೇ, ಇಷ್ಟು ದೂರ ಬಂದು ನಮ್ಮದೇ ಕುಂಬ್ರದ ಮರ್ಯಾದೆಯನ್ನು ನಾನೇ ಮುರಿದೆನಲ್ಲ!

ಮೊದಲ ಭಾನುವಾರ, ನೋರೀನ್‌ರ ಅಡುಗೆಮನೆ

ಆ ಅಡುಗೆಮನೆಯ ಗೋಡೆಯಲ್ಲಿ ಮೂರು ಗಡಿಯಾರ. ಒಂದು ಊರಿನ ಸಮಯ, ಒಂದು ಮಗ ಡೆಕ್ಲನ್ ಇರುವ ಆಸ್ಟ್ರೇಲಿಯಾದ ಪರ್ತ್‌ನದ್ದು, ಇನ್ನೊಂದು ಮಗಳು ಮಾರಾ ಇರುವ ಕೆನಡಾದ ಟೊರಾಂಟೊದ್ದು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಮಗನ ಫೋನು, ಮಧ್ಯಾಹ್ನದ ಊಟ ಆದ ಮೇಲೆ ಮಗಳದ್ದು.

ನಾನು ಮತ್ತು ಶಶಿ ಅಲ್ಲೇ ಕೂತಿದ್ದೆವು, ನನಗೆ ತಿಳಿಯದ ಇಂಗ್ಲಿಷನ್ನು ಅವಳು ತುಳುವಿನಲ್ಲಿ ಹೇಳಿಕೊಡುತ್ತಿದ್ದಳು. ಪ್ಯಾಟ್‌ರಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ನೋರೀನ್ ಸ್ಪೀಕರ್ ಹಾಕಿಯೇ ಮಾತಾಡುವುದು. ಡೆಕ್ಲನ್‌ನ ಫೋನು ಬಂತು. ನೋರೀನ್ ಮಾತು ಶುರು ಮಾಡಿದ್ದೇ, "ಯಾರು ತೀರಿಹೋದ್ರು ಹೇಳು ನೋಡುವಾ" ಎಂದು! ಅಲ್ಲಿ ದಿನಾ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಸತ್ತವರ ಹೆಸರು ಓದುತ್ತಾರೆ. ನೋರೀನ್ ವಾರದ ಪಟ್ಟಿಯನ್ನು ಮಗನಿಗೆ ಒಪ್ಪಿಸುತ್ತಾರೆ. ಅವನಿಗೆ ಗುರುತು ಸಿಗದಿದ್ದರೆ, ಅವರ ಮನೆಯ ಗೇಟು ಯಾವ ಬಣ್ಣ, ಅವರ ಅತ್ತಿಗೆಯನ್ನು ಎಲ್ಲಿಗೆ ಕೊಟ್ಟದ್ದು ಎಂದೆಲ್ಲ ಹೇಳಿ ಗುರುತು ಹಿಡಿಸಿಯೇ ಬಿಡುತ್ತಾರೆ. ನಮ್ಮ ಅಮ್ಮನೂ ಪೇಪರು ಬಿಡಿಸುವುದು ಒಳಪುಟದ ಶ್ರದ್ಧಾಂಜಲಿ ಫೋಟೋಗಳಿಂದಲೇ. ನಾನು ಶಶಿಯನ್ನು ತಿವಿದೆ. ಅವಳು ನನ್ನನ್ನು ತಿವಿದಳು.

ಆಮೇಲೆ ಕಂಡದ್ದೇ ನಿಜವಾದ ಚೋದ್ಯ. ಪ್ಯಾಟ್ ನೋರೀನ್‌ರ ಕುರ್ಚಿಯ ಹಿಂದೆ ನಿಂತು, "ಕಂದು ದನ ಕರು ಹಾಕಿತು ಅಂತ ಹೇಳು" ಎಂದರು. ನೋರೀನ್ ಹೇಳಿದರು. "ಅಲ್ಲಿ ಚಳಿಯಾ ಅಂತ ಕೇಳು." ನೋರೀನ್ ಕೇಳಿದರು. "ಅಪ್ಪ ಅಲ್ಲೇ ಇದ್ದಾರಾ?" ಎಂದು ಡೆಕ್ಲನ್ ಕೇಳಿದ್ದೇ ತಡ, ಆ ಆರಡಿ ಎತ್ತರದ ಮನುಷ್ಯ ಟೊಪ್ಪಿ ಹಾಕಿಕೊಂಡು ಹೊರಗೆ ನಡೆದುಬಿಟ್ಟರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಕೇಳಿದ್ದೆ, ಐರ್ಲೆಂಡಿನ ದೋಸೆಗೂ ಅದೇ ಜಾಗದಲ್ಲಿ ತೂತು ಇರುತ್ತದೆಂದು ಗೊತ್ತಿರಲಿಲ್ಲ!

ಫೋನು ಇಡುವಾಗ ಅವರು "ಬೈ" ಎಂದು ಒಂದು ಸಲ ಹೇಳುವುದಲ್ಲ. ಬೈ, ಬೈ, ಬೈ ಬೈ ಬೈ, ಬೈಬೈಬೈ ಎಂದು ಸ್ವರ ಸಣ್ಣ ಮಾಡಿಕೊಳ್ಳುತ್ತಾ ಹೋಗುತ್ತಾರೆ. ಹದಿನಾಲ್ಕರವರೆಗೆ ಲೆಕ್ಕ ಹಾಕಿ ಬಿಟ್ಟೆ. ನಮ್ಮಲ್ಲಿ "ಇಡ್ತೇನೆ ಆಯ್ತಾ, ಇಡ್ತೇನೆ" ಎಂದು ಮತ್ತೆ ಕಾಲು ಗಂಟೆ ಮಾತಾಡುವುದಿಲ್ಲವೇ, ಹಾಗೆ.

"ಈಗ ಅಣ್ಣ ತಂಗಿಗೆ ಫೋನು ಮಾಡ್ತಾನೆ" ಎಂದು ನೋರೀನ್ ನಕ್ಕರು. "ನನಗೆ ಹೇಳದ್ದನ್ನು ನಿನಗೆ ಎಂತ ಹೇಳಿದ್ರು ಅಂತ ಕೇಳ್ಲಿಕ್ಕೆ. ನಾವು ಇಬ್ಬರಿಗೂ ಒಂದೇ ಕಥೆ ಹೇಳ್ತೇವಾ ಅಂತ ಅವರದ್ದು ಪರೀಕ್ಷೆ." ನಾನು ಮತ್ತು ಶಶಿ ಮೇಜಿನ ಕೆಳಗೆ ನೋಡಿದೆವು. ಐದು ವರ್ಷದಿಂದ ನಾವೂ ಅದನ್ನೇ ಮಾಡುತ್ತಿದ್ದೆವು.

ಆಮೇಲೆ ಚಹಾಕ್ಕೆ ಎರಡು ಸಲ ಬೇಡ ಎಂದು ಕುಡಿಯುತ್ತಾ ಮಗನ ವಿಷಯ ಕೇಳಿದೆ. ಡೆಕ್ಲನ್ ಹೋಗಿ ಎಂಟು ವರ್ಷವಾಯಿತಂತೆ. ಹೊಲ, ದನ ಅವನೇ ನೋಡಿಕೊಳ್ಳುತ್ತಾನೆಂದು ಅಪ್ಪ ಎಣಿಸಿದ್ದರು. ಹೊರಡುವ ದಿನ ಪ್ಯಾಟ್ ಕೈ ಕೊಡದೆ ಹಾಲು ಕರೆಯಲು ಹೋದರಂತೆ.

"ಹಾಲು ಕರೆಯುವ ಹೊತ್ತೇ ಆಗಿರಲಿಲ್ಲ" ಎಂದರು ನೋರೀನ್. "ಅಪ್ಪ ಬಾ ಅಂದರೆ ಬರ್ತೇನೆ ಅಂತ ಇವನು. ಬಾ ಅನ್ನುವ ಮಾತು ಅವರ ಬಾಯಿಂದ ಈ ಜನ್ಮದಲ್ಲಿ ಬರುದಿಲ್ಲ. ಎರಡು ಕತ್ತೆಗಳು."

ನಾನು ಶಶಿಯನ್ನು ನೋಡಿದೆ. ಅವಳು ಚಹಾದ ಕಪ್ಪಿನೊಳಗೆ ನೋಡುತ್ತಿದ್ದಳು. ಬಿಗುವು ಇಳಿಸಲು ನಾನು, "ನಿಮ್ಮ ಇಂಗ್ಲೆಂಡ್ ಬಹಳ ಚಂದ ಉಂಟು" ಎಂದುಬಿಟ್ಟೆ. ಅದೇ ಹೊತ್ತಿಗೆ ಒಳಗೆ ಬಂದ ಪ್ಯಾಟ್ ಬಾಗಿಲಲ್ಲೇ ನಿಂತು ಟೊಪ್ಪಿ ತೆಗೆದರು. "ಅದು ಪಕ್ಕದ ಮನೆ" ಎಂದು ಶುರು ಮಾಡಿ ಅರ್ಧ ಗಂಟೆ ಚರಿತ್ರೆ ಹೇಳಿದರು. ಅವರು ಅಷ್ಟು ಮಾತಾಡಿದ್ದನ್ನು ನೋರೀನೂ ಕಂಡಿರಲಿಲ್ಲವಂತೆ.

ಎರಡನೇ ಭಾನುವಾರ

ಆ ವಾರ ನೋರೀನ್‌ರ ಮೊಣಕಾಲಿನ ಆಪರೇಷನ್. ಆಸ್ಪತ್ರೆಗೆ ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಭಾನುವಾರ ಮನೆಗೆ ಫೋನು ಮಾಡಿ ಅಪ್ಪನನ್ನು ಮಾತಾಡಿಸು ಅಂತ ಡೆಕ್ಲನ್‌ಗೆ ಹೇಳಿದ್ದೇನೆ. ಈ ಮನುಷ್ಯ ತೆಗೆಯುದಿಲ್ಲ. ನೀನು ಹೋಗಿ ಕೂತ್ಕೊ" ಎಂದರು. ನಮ್ಮ ಅಮ್ಮ ಕೈ ಹಿಡಿದ ಹಾಗೆಯೇ ಇತ್ತು. ಈ ಅಮ್ಮಂದಿರು ಎಲ್ಲರೂ ನನ್ನ ಕೈಗೇ ಕೆಲಸ ಕೊಡುವುದು ಯಾಕೋ!

ಭಾನುವಾರ ಶಶಿಗೆ ಡ್ಯೂಟಿ. ಅಷ್ಟರಲ್ಲಿ ಅವರ ಇಂಗ್ಲಿಷು ನನ್ನ ಕಿವಿಗೂ ಸ್ವಲ್ಪ ಒಗ್ಗಿತ್ತು. ನಾನು ಹೋಗಿ ಕೂತೆ. ಪ್ಯಾಟ್ ಇಸ್ತ್ರಿ ಮಾಡಿದ ಅಂಗಿ ಹಾಕಿ, ಫೋನಿಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತಿದ್ದರು. ಫೋನು ರಿಂಗಾಯಿತು. ಅವರು ಅಲ್ಲಾಡಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು. ಎರಡನೇ ಸಲ ರಿಂಗಾದಾಗ ತಿರುಗಿ, "ನೀನು ತೆಗೆ" ಎಂದರು.

ಫೋನು ಎತ್ತಿ, ಸ್ಪೀಕರ್ ಒತ್ತಿ, ಇಪ್ಪತ್ತು ವರ್ಷದ ಅಭ್ಯಾಸದಲ್ಲಿ, "ಹಲೋ, ವಸಂತಿ ಟೈಲರ್ಸ್ ಸುಳ್ಯ!" ಎಂದೆ.

ಆಸ್ಟ್ರೇಲಿಯಾದ ಡೆಕ್ಲನ್‌ಗೆ ರಾಂಗ್ ನಂಬರ್ ಅನಿಸಿತು. ಅವನು ಕ್ಷಮೆ ಕೇಳಿ ಇಡುವುದರಲ್ಲಿದ್ದ. "ಇಡಬೇಡ, ಇಡಬೇಡ! ಇದು ನಿನ್ನದೇ ಮನೆ! ನಿನ್ನ ಅಪ್ಪ ಇಲ್ಲೇ ಇದ್ದಾರೆ!" ಎಂದು ಕಿರುಚಿದೆ. ಪ್ಯಾಟ್ ಬಾಗಿಲ ಕಡೆ ಹೊರಟಿದ್ದರು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಪರದೇಶದಲ್ಲಿ, ಪರರ ಮನೆಯಲ್ಲಿ, ಎಪ್ಪತ್ತೈದರ ಗಂಡಸಿಗೆ ಬಾಗಿಲು ಅಡ್ಡ! ಆ ಧೈರ್ಯ ಎಲ್ಲಿಂದ ಬಂತೋ ನನಗೆ ಈಗಲೂ ಗೊತ್ತಿಲ್ಲ.

ಪ್ಯಾಟ್ ನಿಂತರು. ನಾನು ಪುನಃ ಫೋನಿನ ಹತ್ತಿರ ಹೋಗಿ ಕೂತ ಮೇಲೆ ನನ್ನ ಹಿಂದೆ ಬಂದು, ತಗ್ಗಿದ ಸ್ವರದಲ್ಲಿ, "ಮಳೆ ಇಲ್ಲ ಅಂತ ಹೇಳು" ಎಂದರು.

"ಮಳೆ ಇಲ್ಲವಂತೆ" ಎಂದೆ.

"ಊಟ ಸರಿಯಾಗಿ ಮಾಡ್ತಾರಾ ಕೇಳಿ" ಎಂದ ಡೆಕ್ಲನ್.

"ಮಾಡ್ತೇನೆ ಅಂತ ಹೇಳು."

"ಮಾಡ್ತಾರಂತೆ."

ಸ್ಪೀಕರಿನಲ್ಲಿ ಇಬ್ಬರಿಗೂ ಎಲ್ಲ ಕೇಳುತ್ತಿದೆ, ಒಂದೇ ಭಾಷೆ, ನಡುವೆ ಈ ಸುಳ್ಯದವಳು ಎಂತಕೆ? ಆದರೂ ಹೇಳುತ್ತಲೇ ಹೋದೆ. ಆಗ ಪ್ಯಾಟ್ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ನನಗೆ ಕೊಟ್ಟರು. ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರುಗಳು. ಆ ವಾರ ತೀರಿಹೋದವರು! ಹೆಂಡತಿ ಇಲ್ಲದಿದ್ದರೆ ಮಗನಿಗೆ ಪಟ್ಟಿ ತಪ್ಪಬಾರದೆಂದು ದಿನಾ ಬೆಳಿಗ್ಗೆ ರೇಡಿಯೋದ ಹತ್ತಿರ ಕಿವಿ ಇಟ್ಟು ಬರೆದುಕೊಂಡಿದ್ದರು. ನಾನು ಆ ಹೆಸರುಗಳನ್ನು ಓದಿದ ಚಂದಕ್ಕೆ ಡೆಕ್ಲನ್ ನಕ್ಕುಬಿಟ್ಟ. ಪ್ಯಾಟ್ ಕೂಡ ನನ್ನ ಬೆನ್ನ ಹಿಂದೆ ನಕ್ಕರು. ಅಪ್ಪ, ಮಗ ಒಟ್ಟಿಗೆ ನಗುವುದನ್ನು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ನಗು ನಿಂತ ಮೇಲೆ ಪ್ಯಾಟ್, "ಕೆಳಗಿನ ಹೊಲದ ಗೇಟು ಕಳಚಿ ಬಿದ್ದಿದೆ ಅಂತ ಹೇಳು" ಎಂದರು. ಹೇಳಿದೆ. "ಅದು ಒಬ್ಬನಿಂದ ಆಗುವ ಕೆಲಸ ಅಲ್ಲ ಅಂತ ಹೇಳು." ಅದನ್ನೂ ಹೇಳಿದೆ. ಹೇಳಿ ಸುಮ್ಮನಿರಬಾರದೇ? ಊರಿನ ಉಪಕಾರ ಬುದ್ಧಿ ಬಿಡಬೇಕಲ್ಲ! "ನೀನು ತಲೆಬಿಸಿ ಮಾಡಬೇಡ ಡೆಕ್ಲನ್, ನಾನಿದ್ದೇನೆ, ನಾಳೆ ಬೆಳಿಗ್ಗೆ ಒಂದು ಬದಿ ನಾನು ಹಿಡಿಯುತ್ತೇನೆ" ಎಂದೆ.

"ಬೇಡ, ಬೇಡ!" ಎಂದು ಪ್ಯಾಟ್ ಕೈ ಬೀಸಿದರು. ಮುಖವೆಲ್ಲ ಕೆಂಪು. "ಗೇಟಿಗೆ ಅವಸರ ಇಲ್ಲ ಅಂತ ಹೇಳು. ಕ್ರಿಸ್ಮಸ್‌ವರೆಗೆ ಇರಲಿ ಅಂತ ಹೇಳು."

ಬಿದ್ದ ಗೇಟನ್ನು ಆರು ತಿಂಗಳು ಹಾಗೇ ಬಿಡುತ್ತಾರಾ ಎಂದು ಆಶ್ಚರ್ಯವಾಯಿತು. ಆದರೂ ಹೇಳಿದೆ. ಲೈನು ತಪ್ಪಿತೋ ಎಂದು "ಹಲೋ, ಹಲೋ" ಎಂದೆ.

"ಅದು ನಾನೇ ಕೂರಿಸಿದ ಗೇಟಾ ಅಂತ ಕೇಳಿ" ಎಂದ ಡೆಕ್ಲನ್. ಸ್ವರ ಬೇರೆಯೇ ಆಗಿತ್ತು.

"ಹೌದು ಅಂತ ಹೇಳು."

"ಹಾಗಾದ್ರೆ ಕ್ರಿಸ್ಮಸ್‌ಗೆ ನಾನೇ ಕೂರಿಸ್ತೇನೆ ಅಂತ ಹೇಳಿ."

ಆಗ, ಆ ಕ್ಷಣದಲ್ಲಿ, ಈ ದಡ್ಡಿಗೆ ಅರ್ಥವಾಯಿತು! ಎಂಟು ವರ್ಷ ಬಾರದ ಮಗನನ್ನು ಅಪ್ಪ ಕರೆದಾಯಿತು, ಮಗ ಬರುತ್ತೇನೆ ಎಂದೂ ಆಯಿತು. ಬಾ ಎನ್ನುವ ಮಾತು ಯಾರೂ ಆಡಲಿಲ್ಲ. ಡೆಕ್ಲನ್ ಹೇಳಿದ್ದನ್ನು ದಾಟಿಸಲು ನಾನು ಮರೆತೇಬಿಟ್ಟೆ. ಹೇಳುವ ಅಗತ್ಯವೂ ಇರಲಿಲ್ಲ. ಪ್ಯಾಟ್ ನನ್ನ ಭುಜದ ಮೇಲಿಂದ ಬಗ್ಗಿ ತಾವಾಗಿಯೇ ಫೋನಿಗೆ, "ಬೈ, ಬೈ ಬೈ, ಬೈಬೈಬೈ" ಎಂದು ಶುರು ಮಾಡಿದರು. ಈ ಸಲ ನಾನು ಲೆಕ್ಕ ಹಾಕಲಿಲ್ಲ, ಅಳುತ್ತಾ ಕೂತೆ. ಅವರು ನನಗೆ ಚಹಾ ಮಾಡಿ ಕೊಟ್ಟರು. ಬೇಡ ಎನ್ನಲು ಬಿಡಲಿಲ್ಲ.

ಅದೇ ಸಂಜೆ, ಅಂಗಳದ ಸಣ್ಣ ಮನೆ

ಶಶಿ ಡ್ಯೂಟಿಯಿಂದ ಬಂದು ಶೂ ಬಿಚ್ಚುವ ಮೊದಲೇ ಎಲ್ಲ ಹೇಳಿದೆ. ಟೈಲರ್ಸ್ ಸುಳ್ಯದ ಮಾತಿಗೆ ಹೊಟ್ಟೆ ಹಿಡಿದು ನಕ್ಕಳು. ಗೇಟಿನ ಕಥೆಗೆ ಕಣ್ಣು ಒರಸಿಕೊಂಡಳು. ಆಮೇಲೆ ನಾನು, "ಶಶೀ, ನಮ್ಮಲ್ಲೂ ಒಂದು ಗೇಟು ಉಂಟಲ್ಲ ಮಾರಾಯ್ತಿ" ಎಂದೆ.

"ಯಾವ ಗೇಟು?"

"ಕೆಂಪು ಬಣ್ಣದ್ದು. ವಾರ ವಾರ ಸ್ಟಾರ್ಟ್ ಆಗುದು."

ಅವಳು ಶೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು. "ಇಲ್ಲ ಅಕ್ಕಾ. ಪ್ಯಾಟ್ ಒಳ್ಳೆಯವರು. ನಮ್ಮ ಅಪ್ಪನಿಗೆ ಅಷ್ಟೆಲ್ಲ ಇಲ್ಲ. ಅದು ಮಾರು ಅಂತ ಹೇಳುದೇ."

"ಮಾರುದಾದ್ರೆ ವಾರ ವಾರ ಸ್ಟಾರ್ಟ್ ಮಾಡುದು ಎಂತಕೆ?"

"ಬ್ಯಾಟ್ರಿ ಹೋದ್ರೆ ರೇಟು ಸಿಗುದಿಲ್ಲ, ಅದಕ್ಕೆ."

ಹಟಮಾರಿ! ನನಗೆ ಎರಡು ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ, ಅನ್ನಕ್ಕಿಟ್ಟೆ. ಪುನರ್ಪುಳಿ ಸಾರು ಮಾಡಿದೆ. ಅವಳು ಮೂರು ಸಲ ಬಡಿಸಿಕೊಂಡಳು.

ಮೂರನೇ ಭಾನುವಾರ

ನೋರೀನ್ ಹೊಸ ಮೊಣಕಾಲಿನೊಂದಿಗೆ ಮನೆಗೆ ಬಂದಿದ್ದರು. ಬೆಳಿಗ್ಗೆ ನಾನು ಆಚೆ ಹೋದಾಗ ಪ್ಯಾಟ್ ಗೇಟಿಗೆ ಹಸಿರು ಬಣ್ಣ ಹಚ್ಚುತ್ತಿದ್ದರು. ಬಿದ್ದ ಗೇಟನ್ನು ಎತ್ತದೆ, ಹುಲ್ಲಿನ ಮೇಲೆ ಮಲಗಿಸಿಯೇ! ಕೂರಿಸುವುದು ಮಾತ್ರ ಕ್ರಿಸ್ಮಸ್‌ಗೆ. ಓಡಿ ಬಂದು ಶಶಿಯನ್ನು ಎಳೆದುಕೊಂಡು ಹೋಗಿ ತೋರಿಸಿದೆ. ಅವಳು ಕಲ್ಲಿನ ಗೋಡೆಗೆ ಒರಗಿ ಬಹಳ ಹೊತ್ತು ನೋಡಿದಳು. ಆಮೇಲೆ, "ಮನೆಗೆ ಫೋನು ಮಾಡುವ ಹೊತ್ತಾಯ್ತು" ಎಂದಳು.

ಸ್ಪೀಕರ್ ಹಾಕಿದೆವು. ಅಪ್ಪ ತೆಗೆದರು. "ಇಗೊ, ಅಮ್ಮನಿಗೆ ಕೊಡ್ತೇನೆ."

ಅಮ್ಮ ಶುರು ಮಾಡಿದಳು. "ಯಾರು ಹೋದ್ರು ಗೊತ್ತುಂಟಾ? ಪಂಜದ ಅತ್ತೆಯ ನಾದಿನಿ." ಅತ್ತೆ ಹುಷಾರಾದದ್ದು, ಮಿಕ್ಸಿ ಕೆಟ್ಟದ್ದು, ನಾನು ಅಲ್ಲಿ ಸರಿಯಾಗಿ ತಿನ್ನುತ್ತೇನೋ ಇಲ್ಲವೋ ಎನ್ನುವುದು, ಎಲ್ಲ ಆಯಿತು. ಕೊನೆಗೆ ಹಿಂದಿನಿಂದ ಆ ಸ್ವರ: "ಸ್ಕೂಟರ್ ಸ್ಟಾರ್ಟ್ ಆಗ್ತದೆ ಅಂತ ಹೇಳು."

"ಸ್ಕೂಟರ್ ಸ್ಟಾರ್ಟ್ ಆಗ್ತದಂತೆ" ಎಂದಳು ಅಮ್ಮ.

ಬೇರೆ ವಾರವಾದರೆ ಶಶಿ "ಇಡ್ತೇನೆ" ಎನ್ನುವ ಜಾಗ ಇದು. ಅವಳು ನನ್ನ ಕೈ ಹಿಡಿದಳು. "ಅಮ್ಮಾ, ಟಯರಿಗೆ ಗಾಳಿ ಉಂಟಾ ಕೇಳು" ಎಂದಳು.

ಆ ಬದಿ ಒಂದು ಚೂರು ಗಲಿಬಿಲಿ. "ಉಂಟಂತೆ. ಮೊನ್ನೆ ಹಾಕಿದ್ದಂತೆ."

"ಬ್ರೇಕ್ ಹಿಡೀತದಾ?"

"ಹೊಸತು ಹಾಕಿದ್ದಾರಂತೆ. ಮಳೆಗಾಲದಲ್ಲಿ ಜಾರ್ತದಲ್ಲ, ಅದಕ್ಕಂತೆ."

ಐದು ವರ್ಷದಿಂದ ರಸ್ತೆಗೇ ಇಳಿಯದ ಸ್ಕೂಟರಿಗೆ ಹೊಸ ಬ್ರೇಕು! ನಾನು ಶಶಿಯ ಕೈಯನ್ನು ಜೋರಾಗಿ ಅದುಮಿದೆ.

"ಇನ್ಶೂರೆನ್ಸ್?" ಎಂದಳು ಶಶಿ. ಸ್ವರ ಆಗಲೇ ಒಡೆದಿತ್ತು.

"ಪ್ರತಿ ವರ್ಷ ಮಾಡಿಸ್ತಾರಂತೆ. ನಿನ್ನ ಹೆಸರಲ್ಲೇ ಉಂಟಂತೆ" ಎಂದ ಅಮ್ಮ, ಅಪ್ಪನ ಕಡೆಗೆ ತಿರುಗಿ, "ಅದು ನನಗೂ ಗೊತ್ತಿರ್ಲಿಲ್ಲ ನೋಡಿ!" ಎಂದಳು.

ಕಿಟಕಿಯ ಹೊರಗೆ ಅವರ ಆ ಮಳೆಯಲ್ಲದ ಮಳೆ ಶುರುವಾಗಿತ್ತು. ಪ್ಯಾಟ್ ಓಡಿಬಂದು ಗೇಟಿನ ಹಸಿ ಬಣ್ಣದ ಮೇಲೆ ತಾಡಪಾಲು ಹೊದೆಸುತ್ತಿದ್ದರು. ಅದನ್ನು ನೋಡುತ್ತಾ ಅವಳು ಮೂಗು ಒರಸಿಕೊಂಡು ಹೇಳಿದಳು:

"ಹಾಗಾದ್ರೆ ಪೆಟ್ರೋಲ್ ಹಾಕಿ ಇಡ್ಲಿಕ್ಕೆ ಹೇಳಮ್ಮಾ. ಅಕ್ಕನ ಒಟ್ಟಿಗೇ ಬರ್ತೇನೆ."

ಅಮ್ಮನ ಬಿಕ್ಕು ಕೇಳಿಸಿತು. ಅಂಗಡಿಯ ಮುಂದೆ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಆಮೇಲೆ ಹಿಂದಿನಿಂದ ಅಪ್ಪನ ಸ್ವರ ಬಂತು:

"ಫುಲ್ ಟ್ಯಾಂಕಾ ಅಂತ ಕೇಳು."